ಒಂದೇ ಮನೆಗೆ 4096 ವಿಳಾಸ

ಹೋದ ತಿಂಗಳು ಅಕ್ಕನ ಮಗ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಮೊದಲ ವರ್ಷ. ಊಟ ಆದಮೇಲೆ ಲ್ಯಾಪ್‌ಟಾಪ್ ತೆಗೆದು ಸಿ ಲ್ಯಾಬಿನ ಪ್ರೋಗ್ರಾಮ್ ತೋರಿಸಿದ. ನೋಡಿದರೆ ಅದೇ ನೀಲಿ ಪರದೆ, ಅದೇ ಹಳದಿ ಅಕ್ಷರ! ನಾನು ಕಾಲೇಜಿನಲ್ಲಿದ್ದಾಗ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದ ಟರ್ಬೊ ಸಿ ಪ್ಲಸ್ ಪ್ಲಸ್, ಈಗ ಡಾಸ್‌ಬಾಕ್ಸ್ ಎಂಬ ಗಾಜಿನ ಪೆಟ್ಟಿಗೆಯೊಳಗೆ ಕೂತಿದೆ.

"ಮಾವ, 40,000 ಇಂಟಿಜರ್‌ಗೆ ಅರೇ ಮಾಡಿದ್ರೆ ‘ಅರೇ ಸೈಜ್ ಟೂ ಲಾರ್ಜ್’ ಅಂತ ಎರರ್ ಬರ್ತಿದೆ. ಈ ಲ್ಯಾಪ್‌ಟಾಪಲ್ಲಿ 4 ಜಿಬಿ ರ‍್ಯಾಮ್ ಇದೆ, ಗೊತ್ತಾ?"

"ಮೇಷ್ಟ್ರು ಏನಂದ್ರು?"

"10,000 ಹಾಕ್ಕೋ, ಸುಮ್ನೆ ತಲೆ ತಿನ್ಬೇಡ ಅಂದ್ರು."

ಹುಡುಗನ ಪ್ರಶ್ನೆ ನ್ಯಾಯವಾದದ್ದು. ಟರ್ಬೊ ಸಿಯಲ್ಲಿ ಒಂದು ಇಂಟಿಜರ್ ಅಂದರೆ 2 ಬೈಟ್. 40,000 ಇಂಟಿಜರ್‌ಗೆ 80,000 ಬೈಟ್. 4 ಜಿಬಿ ಇರುವ ಯಂತ್ರ 80,000 ಬೈಟ್ ಕೊಡಲ್ಲ ಅನ್ನುತ್ತಿದೆ. ಯಾಕೆ ಅನ್ನುವುದಕ್ಕೆ ಉತ್ತರ 1970ರ ದಶಕದಲ್ಲಿದೆ. ಆ ಉತ್ತರ ಗೊತ್ತಿದ್ದೂ ಅರ್ಥವಾಗದೆ ನಾನೊಮ್ಮೆ ಒಬ್ಬ ಪ್ರಾಮಾಣಿಕ ಮನುಷ್ಯನ ಕೆಲಸಕ್ಕೇ ಕುತ್ತು ತಂದಿದ್ದೆ. ಆ ಕತೆ ಆಮೇಲೆ ಹೇಳುತ್ತೇನೆ. ಮೊದಲು ಯಂತ್ರದ ಕತೆ.

1976ರಲ್ಲಿ ಇಂಟೆಲ್ ಕಂಪನಿಯ ಕನಸೆಲ್ಲ ಬೇರೆ ಒಂದು ಪ್ರಾಸೆಸರ್ ಮೇಲಿತ್ತು. ಆಮೇಲೆ 432 ಎಂಬ ಹೆಸರಲ್ಲಿ ಬಂದ ಆ ಮಹತ್ವಾಕಾಂಕ್ಷೆಯ ಚಿಪ್ ತಡವಾಗುತ್ತಲೇ ಇತ್ತು. ಅಲ್ಲಿಯವರೆಗೆ ಮಾರುಕಟ್ಟೆಯಲ್ಲಿ ಜಾಗ ಹಿಡಿದಿಡಲು ಏನಾದರೂ ಬೇಕಲ್ಲ? ಹಾಗೆ ಬಸ್ ಸೀಟಿಗೆ ಟವೆಲ್ ಹಾಕಿದಂತೆ ಹುಟ್ಟಿದ್ದು 8086. ಅದರ ಆದೇಶಗಳ ವಿನ್ಯಾಸ ಮಾಡಿದ್ದು ಸ್ಟೀಫನ್ ಮೋರ್ಸ್, ಸಾಫ್ಟ್‌ವೇರ್ ಹಿನ್ನೆಲೆಯವರು. ಚಿಪ್ ಮಾರುಕಟ್ಟೆಗೆ ಬಂದಿದ್ದು 1978ರ ಜೂನ್‌ನಲ್ಲಿ.

ಅವರ ಮುಂದಿದ್ದ ಕಷ್ಟ ಇದು. ಹಳೆಯ 8080 ಚಿಪ್ಪಿನಲ್ಲಿ ವಿಳಾಸ ಅಂದರೆ 16 ಬಿಟ್. 16 ಬಿಟ್‌ನಲ್ಲಿ ಎಣಿಸಬಹುದಾದದ್ದು 65,536 ಬೈಟ್, ಅಂದರೆ 64 ಕೆಬಿ. ಗಿರಾಕಿಗಳು 8080ಗೆ ಬರೆದ ಪ್ರೋಗ್ರಾಮ್‌ಗಳು ಸ್ವಲ್ಪ ತರ್ಜುಮೆ ಮಾಡಿದರೆ ಹೊಸ ಚಿಪ್ಪಿನಲ್ಲಿ ನಡೆಯಬೇಕು. ಆದರೆ ಮೆಮೊರಿ ಮಾತ್ರ 64 ಕೆಬಿಗಿಂತ ಜಾಸ್ತಿ ಬೇಕು. ಚಿಪ್ಪಿಗಿದ್ದ ಕಾಲುಗಳೋ ಬರೀ 40. ವಿಳಾಸ ಮತ್ತು ಡೇಟಾ ಒಂದೇ 16 ಕಾಲುಗಳನ್ನು ಸರದಿಯಲ್ಲಿ ಹಂಚಿಕೊಳ್ಳುವಷ್ಟು ಇಕ್ಕಟ್ಟು.

ಇದಕ್ಕೆ ಕಂಡುಕೊಂಡ ಉಪಾಯವೇ ಸೆಗ್ಮೆಂಟ್. ಬೆಂಗಳೂರಿನವರಿಗೆ ಇದನ್ನು ಹೇಳುವುದು ಸುಲಭ. ಒಂದು ಉದ್ದನೆಯ ರಸ್ತೆ ಅಂದುಕೊಳ್ಳಿ. ಅದರಲ್ಲಿ ಸುಮಾರು ಹತ್ತು ಲಕ್ಷ ಮನೆ, ನಿಖರವಾಗಿ 10,48,576. ಪೋಸ್ಟ್‌ಮ್ಯಾನ್‌ಗೆ 65,535ರ ಮೇಲೆ ಎಣಿಸಲು ಬರಲ್ಲ. ಆದ್ದರಿಂದ ಪ್ರತಿ 16 ಮನೆಗೆ ಒಂದು ಗುರುತು ನೆಟ್ಟಿದ್ದಾರೆ, ನಾವು ಗಣೇಶನ ಗುಡಿ, ನಂದಿನಿ ಬೂತ್ ಅನ್ನುತ್ತೇವಲ್ಲ ಹಾಗೆ. ವಿಳಾಸ ಹೇಳುವುದು ಹೀಗೆ: "ಇಂಥ ಗುರುತಿನಿಂದ ಇಷ್ಟನೇ ಮನೆ." ಗುರುತಿನ ಸಂಖ್ಯೆ ಸೆಗ್ಮೆಂಟ್, ಮನೆಯ ಎಣಿಕೆ ಆಫ್‌ಸೆಟ್. ಸೆಗ್ಮೆಂಟನ್ನು 16ರಿಂದ ಗುಣಿಸಿ ಆಫ್‌ಸೆಟ್ ಕೂಡಿಸಿದರೆ 20 ಬಿಟ್‌ನ ನಿಜವಾದ ವಿಳಾಸ. ಒಟ್ಟು 1 ಎಂಬಿ.

ಈಗ ತಮಾಷೆ ನೋಡಿ. ಗಣೇಶನ ಗುಡಿಯಿಂದ 5ನೇ ಮನೆ ಅಂದರೂ, ಅದಕ್ಕಿಂತ 16 ಮನೆ ಹಿಂದಿರುವ ಬೂತಿನಿಂದ 21ನೇ ಮನೆ ಅಂದರೂ, ಇನ್ನೂ ಹಿಂದಿನ ಅರಳಿಕಟ್ಟೆಯಿಂದ 37ನೇ ಮನೆ ಅಂದರೂ ಒಂದೇ ಮನೆ. ರಸ್ತೆಯ ಶುರುವಿನ ಭಾಗ ಬಿಟ್ಟರೆ ಪ್ರತಿ ಮನೆಗೂ ಹೀಗೆ 4096 ವಿಳಾಸಗಳು!

ಚಿಪ್ಪಿನಲ್ಲಿ ನಾಲ್ಕು ಸೆಗ್ಮೆಂಟ್ ರಿಜಿಸ್ಟರ್ ಇಟ್ಟರು. ಕೋಡ್‌ಗೆ ಸಿಎಸ್, ಡೇಟಾಗೆ ಡಿಎಸ್, ಸ್ಟ್ಯಾಕ್‌ಗೆ ಎಸ್‌ಎಸ್, ಹೆಚ್ಚುವರಿ ಕೆಲಸಕ್ಕೆ ಇಎಸ್. ನಾಲ್ಕನ್ನೂ ಒಂದೇ ಗುರುತಿಗೆ ಇಟ್ಟುಬಿಟ್ಟರೆ ಹಳೆಯ 8080ಯ 64 ಕೆಬಿ ಲೋಕವೇ ಮತ್ತೆ ಸಿಕ್ಕಿತು. ಡಾಸ್‌ನ ‘ಕಾಮ್’ ಫೈಲುಗಳು ಹೀಗೇ ಇದ್ದವು: ಕೋಡು, ಡೇಟಾ, ಸ್ಟ್ಯಾಕ್ ಎಲ್ಲ ಒಂದೇ ಕೋಣೆಯ ಸಂಸಾರ. ಟರ್ಬೊ ಪಾಸ್ಕಲ್ 3 ಅಂಥ ಒಂದು ಫೈಲು. ಎಡಿಟರ್, ಕಂಪೈಲರ್ ಎಲ್ಲ ಸೇರಿ 40 ಕೆಬಿಯೊಳಗೆ. ಇವತ್ತು ನನ್ನ ಫೋನಿನಲ್ಲಿ ಬರುವ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಅದಕ್ಕಿಂತ ದೊಡ್ಡದು.

ಇದನ್ನು ಬೈಯುವುದು ಬಹಳ ಸುಲಭ. ಬೈದವರೂ ಬಹಳ ಮಂದಿ. 1979ರಲ್ಲಿ ಬಂದ ಮೋಟೊರೋಲಾ 68000 ಚಿಪ್ಪಿನಲ್ಲಿ ಸೆಗ್ಮೆಂಟ್ ಗಲಾಟೆಯೇ ಇರಲಿಲ್ಲ. 64 ಕಾಲಿನ ದೊಡ್ಡ ಚಿಪ್ಪು, 24 ಬಿಟ್‌ನ ನೇರ ವಿಳಾಸ, 16 ಎಂಬಿ ಒಂದೇ ಬಯಲು. "ಇಂಟೆಲ್‌ನವರಿಗೆ ಇದು ಹೊಳೆಯಲಿಲ್ಲವೇ?" ಅಂತ ನಾನೂ ಎಷ್ಟೋ ಸಲ ಟೀ ಕುಡಿಯುತ್ತಾ ಭಾಷಣ ಬಿಗಿದಿದ್ದೇನೆ.

ಆಮೇಲೆ ಅದೇ 68000 ಹಾಕಿದ್ದ 1984ರ ಆಪಲ್ ಮ್ಯಾಕಿಂಟಾಷ್ ಬಗ್ಗೆ ಓದಿದಾಗ ನನ್ನ ಭಾಷಣದ ಗಾಳಿ ಹೋಯಿತು. ಬಯಲಿನಂಥ ಮೆಮೊರಿ ಇದ್ದರೂ ಮ್ಯಾಕ್ ಪ್ರೋಗ್ರಾಮರ್‌ಗಳು ಕೋಡನ್ನು ತುಂಡು ಮಾಡಲೇಬೇಕಿತ್ತು. ಆ ತುಂಡುಗಳ ಹೆಸರೂ ಸೆಗ್ಮೆಂಟೇ. ಒಂದೊಂದು 32 ಕೆಬಿ ಒಳಗಿರಬೇಕು. ಏಕೆಂದರೆ 68000 ಚಿಪ್ಪಿನ ‘ಇಲ್ಲಿಂದ ಇಷ್ಟು ದೂರ ಹಾರು’ ಎಂಬ ಆದೇಶಕ್ಕೆ ಎರಡೂ ಕಡೆ ಸುಮಾರು 32 ಕೆಬಿಯಷ್ಟೇ ನಿಲುಕುತ್ತಿತ್ತು. ಮೊದಲ ಮ್ಯಾಕ್‌ನಲ್ಲಿ ಇದ್ದದ್ದೇ 128 ಕೆಬಿ ಮೆಮೊರಿ. ಇಡೀ ಪ್ರೋಗ್ರಾಮ್ ಒಟ್ಟಿಗೆ ಹಿಡಿಯುತ್ತಿರಲಿಲ್ಲ. ಬೇಕಾದ ತುಂಡನ್ನು ‘ಸೆಗ್ಮೆಂಟ್ ಲೋಡರ್’ ಡಿಸ್ಕಿನಿಂದ ತಾನೇ ತರುತ್ತಿತ್ತು. ಕೆಲಸ ಮುಗಿದ ಮೇಲೆ ‘ಈ ತುಂಡು ಇನ್ನು ಬೇಡ’ ಅಂತ ಪ್ರೋಗ್ರಾಮರ್ ಹೇಳಬೇಕು. ಅಪ್ಪಿತಪ್ಪಿ ತಾನು ವಾಪಸ್ ಹೋಗಬೇಕಾದ ತುಂಡನ್ನೇ ಬೇಡ ಅಂದುಬಿಟ್ಟರೆ, ತಾನು ಕೂತ ಕೊಂಬೆ ಕಡಿದ ಹಾಗೆ.

ಅಂದರೆ ತುಂಡು ಮಾಡುವುದೇ ಪಾಪ ಅಲ್ಲ. ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ ಎಲ್ಲರೂ ತುಂಡು ಮಾಡಿದರು. 1981ರ ಆಗಸ್ಟ್‌ನಲ್ಲಿ ಬಂದ ಮೊದಲ ಐಬಿಎಂ ಪಿಸಿಯ ಅತಿ ಅಗ್ಗದ ಮಾದರಿಯಲ್ಲಿ ಇದ್ದದ್ದು 16 ಕೆಬಿ. ಅದಕ್ಕೆ ಹೋಲಿಸಿದರೆ 1 ಎಂಬಿ ಸಮುದ್ರ. ಆ ಸಮುದ್ರದಲ್ಲಿ ಮೇಲಿನ 384 ಕೆಬಿಯನ್ನು ಪರದೆಗೆ, ರಾಮ್‌ಗೆ ಅಂತ ಐಬಿಎಂ ಮೀಸಲಿಟ್ಟಿತು. ಉಳಿದದ್ದು ಆ ಪ್ರಸಿದ್ಧ 640 ಕೆಬಿ. ಅಷ್ಟು ಸಾಕು ಅಂತ ಬಿಲ್ ಗೇಟ್ಸ್ ಹೇಳಿದರು ಅನ್ನುವ ಜೋಕು ಎಲ್ಲರ ಬಾಯಲ್ಲಿದೆ. ಅವರು ಹೇಳಿದ್ದಕ್ಕೆ ಪುರಾವೆ ಯಾರೂ ತೋರಿಸಿಲ್ಲ, ಅವರೇ ಅಲ್ಲಗಳೆದಿದ್ದಾರೆ. ಆ ಗೋಡೆ ಎದ್ದಿದ್ದು ಐಬಿಎಂ ಹಾಕಿದ ನಕ್ಷೆಯಿಂದ.

640 ಕೆಬಿಯಲ್ಲಿ ಹಿಡಿಯದ ಪ್ರೋಗ್ರಾಮ್‌ಗಳಿಗೆ ಇದ್ದ ದಾರಿ ಓವರ್‌ಲೇ. ವರ್ಡ್‌ಸ್ಟಾರ್ ಬಳಸಿದವರಿಗೆ ಅದರ ‘ಓವಿಆರ್’ ಫೈಲುಗಳ ನೆನಪಿರಬಹುದು. ಇದನ್ನು ಅರ್ಥ ಮಾಡಿಕೊಳ್ಳಲು ಯಕ್ಷಗಾನ ನೋಡಿದ್ದರೆ ಸಾಕು. ಮೇಳದಲ್ಲಿ ಕಲಾವಿದರು ಕಡಿಮೆ ಇದ್ದಾಗ ಒಬ್ಬರೇ ಎರಡು ವೇಷ ಮಾಡುತ್ತಾರೆ. ಮೊದಲ ವೇಷ ರಂಗದಿಂದ ಚೌಕಿಗೆ ಹೋಗಿ, ಬಣ್ಣ ಬದಲಿಸಿ, ಎರಡನೇ ವೇಷವಾಗಿ ಬರಬೇಕು. ಓವರ್‌ಲೇಯಲ್ಲಿ ಮೆಮೊರಿಯ ಒಂದೇ ಜಾಗ ಹೀಗೆ ವೇಷ ಬದಲಿಸುತ್ತದೆ. ಮೆನು ತೋರಿಸುವ ಕೋಡು ಹೋಗಿ ಅಲ್ಲಿಗೆ ಪ್ರಿಂಟ್ ಮಾಡುವ ಕೋಡು ಡಿಸ್ಕಿನಿಂದ ಬರುತ್ತದೆ. ನಿಯಮ ಒಂದೇ: ಒಬ್ಬರೇ ಮಾಡುವ ಎರಡು ವೇಷಗಳು ರಂಗದ ಮೇಲೆ ಮುಖಾಮುಖಿ ಮಾತಾಡುವಂತಿಲ್ಲ. ಟರ್ಬೊ ಪಾಸ್ಕಲ್ 3ರಲ್ಲಿ ಒಂದೇ ಓವರ್‌ಲೇ ಗುಂಪಿನ ಎರಡು ಪ್ರೊಸೀಜರ್‌ಗಳು ಒಂದನ್ನೊಂದು ಕರೆಯುವಂತಿರಲಿಲ್ಲ. 1987ರ 4ನೇ ಆವೃತ್ತಿಯಲ್ಲಿ ಒಂದೊಂದು ಯೂನಿಟ್‌ಗೂ ಒಂದೊಂದು ಕೋಡ್ ಸೆಗ್ಮೆಂಟ್ ಬಂತು, ಆದರೆ ಓವರ್‌ಲೇ ಮಾಯವಾಯಿತು. ಜನ ಕೇಳಿದ್ದಕ್ಕೋ ಏನೋ, ಮರುವರ್ಷ 5ನೇ ಆವೃತ್ತಿಯಲ್ಲಿ ವಾಪಸ್ ಬಂತು.

ಓವರ್‌ಲೇ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಪ್ರೋಗ್ರಾಮ್‌ನ ಯಾವ ಭಾಗ ಯಾವಾಗ ಬೇಕು, ಯಾರು ಯಾರನ್ನು ಕರೆಯುತ್ತಾರೆ ಎಂಬುದನ್ನು ಬರೆಯುವ ಮೊದಲೇ ಯೋಚಿಸಬೇಕಿತ್ತು. ಯೋಚಿಸದಿದ್ದರೆ ಶಿಕ್ಷೆ ಕಿವಿಗೇ ಕೇಳುತ್ತಿತ್ತು. ಲೂಪಿನೊಳಗೆ ಎರಡು ಓವರ್‌ಲೇ ಕೋಡುಗಳನ್ನು ಸರದಿಯಲ್ಲಿ ಕರೆದರೆ ಫ್ಲಾಪಿ ಡ್ರೈವು ಕರ್ ಕರ್ ಅಂತ ಗೋಳಾಡುತ್ತಿತ್ತು. ನಿಧಾನವಾಗುತ್ತಿತ್ತು, ನಿಜ. ಆದರೆ ಲೆಕ್ಕ ತಪ್ಪುತ್ತಿರಲಿಲ್ಲ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ.

ಈಗ ಸಿ ಭಾಷೆಗೆ ಬರೋಣ. ಅಲ್ಲಿ ಸೆಗ್ಮೆಂಟ್ ಬರೀ ಹಾರ್ಡ್‌ವೇರ್ ವಿಷಯವಾಗಿ ಉಳಿಯಲಿಲ್ಲ, ಭಾಷೆಯೊಳಗೇ ಹೊಕ್ಕಿತು. ಅದೇ ಸೆಗ್ಮೆಂಟಿನಲ್ಲಿರುವ ವಸ್ತುವಿಗೆ 2 ಬೈಟ್‌ನ ‘ನಿಯರ್’ ಪಾಯಿಂಟರ್. ಬೇರೆ ಸೆಗ್ಮೆಂಟಿನದಕ್ಕೆ 4 ಬೈಟ್‌ನ ‘ಫಾರ್’ ಪಾಯಿಂಟರ್. ಇದರ ಮೇಲೆ ಟೈನಿ, ಸ್ಮಾಲ್, ಮೀಡಿಯಂ, ಕಾಂಪ್ಯಾಕ್ಟ್, ಲಾರ್ಜ್, ಹ್ಯೂಜ್ ಅಂತ ಆರು ಮೆಮೊರಿ ಮಾಡೆಲ್. ಶರ್ಟ್ ಅಂಗಡಿಯ ಸೈಜುಗಳ ಹಾಗೆ. ಒಂದೇ ಲೈಬ್ರರಿಯ ಐದು ಪ್ರತಿಗಳನ್ನು ಟರ್ಬೊ ಸಿ ಜೊತೆ ಕೊಡುತ್ತಿದ್ದರು. ಟೈನಿ ಮತ್ತು ಸ್ಮಾಲ್ ಒಂದನ್ನೇ ಹಂಚಿಕೊಳ್ಳುತ್ತಿದ್ದವು.

ನನ್ನ ತಕರಾರು ಶುರುವಾಗುವುದು ಇಲ್ಲಿ. ಒಂದನೇ ತಕರಾರು ಹೋಲಿಕೆಯದು. ಎರಡು ಫಾರ್ ಪಾಯಿಂಟರ್‌ಗಳು ಸಮವೇ ಅಂತ ಕೇಳಿದರೆ ಟರ್ಬೊ ಸಿ ಸೆಗ್ಮೆಂಟ್, ಆಫ್‌ಸೆಟ್ ಎರಡನ್ನೂ ನೋಡುತ್ತದೆ. ಗುಡಿಯಿಂದ 5ನೇ ಮನೆ, ಬೂತಿನಿಂದ 21ನೇ ಮನೆ ಬೇರೆ ಬೇರೆ ಅಂತ ತೀರ್ಪು ಕೊಡುತ್ತದೆ. ಚಿಕ್ಕದೇ ದೊಡ್ಡದೇ ಅಂತ ಕೇಳಿದರೋ, ಆಫ್‌ಸೆಟ್ ಮಾತ್ರ ನೋಡುತ್ತದೆ. ಒಂದೇ ಜೋಡಿಗೆ ಎರಡು ನ್ಯಾಯ.

ಎರಡನೇ ತಕರಾರು ಇನ್ನೂ ದೊಡ್ಡದು. ಫಾರ್ ಪಾಯಿಂಟರ್ ಅನ್ನು ಮುಂದೆ ಸರಿಸಿದರೆ ಬದಲಾಗುವುದು ಆಫ್‌ಸೆಟ್ ಮಾತ್ರ. 65,535 ದಾಟಿತೋ, ಮುಂದಿನ ಸೆಗ್ಮೆಂಟಿಗೆ ಹೋಗದೆ ಸುಮ್ಮನೆ ಸೊನ್ನೆಗೆ ತಿರುಗುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಫ್ಲಾಪಿಯ ಗೋಳಾಟವೂ ಇಲ್ಲ. ಮೌನ. ಇದನ್ನು ಸರಿಯಾಗಿ ದಾಟಿಸಲು ‘ಹ್ಯೂಜ್’ ಎಂಬ ಮೂರನೇ ಬಗೆಯ ಪಾಯಿಂಟರ್ ಇತ್ತು. ಪ್ರತಿ ಲೆಕ್ಕಕ್ಕೂ ಹೆಚ್ಚು ಕೆಲಸ ಮಾಡುವುದರಿಂದ ಅದು ನಿಧಾನ, ಬೇಕಾದವರು ಕೇಳಿ ತಗೋಬೇಕು. ಹ್ಯೂಜ್ ಮಾಡೆಲ್ ಆರಿಸಿಬಿಟ್ಟರೆ ಪಾಯಿಂಟರ್‌ಗಳು ತಾವಾಗೇ ಹ್ಯೂಜ್ ಆಗುತ್ತವೆ ಅಂತ ನೀವು ಅಂದುಕೊಂಡರೆ ಅದೂ ತಪ್ಪು. ಅಲ್ಲೂ ಅವು ಫಾರ್ ಪಾಯಿಂಟರ್‌ಗಳೇ! ಹೆಸರಿಟ್ಟವರಿಗೆ ನಮಸ್ಕಾರ.

ಈಗ ನನ್ನ ಕತೆ.

1996. ನನ್ನ ಮೊದಲ ಕೆಲಸ, ನಾಲ್ಕೇ ಜನರಿದ್ದ ಒಂದು ಸಣ್ಣ ಸಾಫ್ಟ್‌ವೇರ್ ಅಂಗಡಿ. ಮಲೆನಾಡಿನ ಒಂದು ಸಹಕಾರಿ ಸಂಘಕ್ಕೆ ಹಿಂದಿನವರು ಟರ್ಬೊ ಸಿಯಲ್ಲಿ ಬರೆದುಕೊಟ್ಟಿದ್ದ ಲೆಕ್ಕಪತ್ರದ ಪ್ರೋಗ್ರಾಮ್ ನನ್ನ ಪಾಲಿಗೆ ಬಂತು. ಸದಸ್ಯರ ಹೆಸರು-ವಿಳಾಸ ಒಂದು ಫೈಲಿನಲ್ಲಿ. ಷೇರು, ಠೇವಣಿ, ಸಾಲ, ಬಡ್ಡಿಯ ಅಂಕಿಗಳು ಇನ್ನೊಂದರಲ್ಲಿ. ಅಂಕಿಗಳ ದಾಖಲೆ ಒಬ್ಬರಿಗೆ 64 ಬೈಟ್. ಬೆಳಿಗ್ಗೆ ಎಲ್ಲವನ್ನೂ ಮೆಮೊರಿಯ ಒಂದು ಅರೇಗೆ ತುಂಬಿಕೊಂಡು, ಸಂಜೆ ದಿನದ ಲೆಕ್ಕ ಮುಗಿಸಿ ವಾಪಸ್ ಫೈಲಿಗೆ ಬರೆಯುವುದು ಅದರ ಕ್ರಮ. ಅರೇಯ ಗಾತ್ರ 1000.

ಸಂಘದ ಸದಸ್ಯರ ಸಂಖ್ಯೆ 1000ದ ಹತ್ತಿರ ಬಂದಿತ್ತು. "2000ಕ್ಕೆ ಏರಿಸಿ ಕಳಿಸಪ್ಪಾ" ಅಂದರು ನಮ್ಮ ಬಾಸ್. ಒಂದು ಸೊನ್ನೆಯ ಎದುರಿನ ಅಂಕಿ ಬದಲಿಸುವ ಕೆಲಸ. ಬದಲಿಸಿದೆ. ಕಂಪೈಲರ್ ಅಡ್ಡ ನಿಂತಿತು: ‘ಅರೇ ಸೈಜ್ ಟೂ ಲಾರ್ಜ್’. ಹಿಂದಿನವರು 1000 ಯಾಕೆ ಇಟ್ಟಿದ್ದರು ಅಂತ ಆಗಲಾದರೂ ಯೋಚಿಸಬೇಕಿತ್ತು. 1000 ಸಲ 64 ಅಂದರೆ 64,000, ಒಂದು ಸೆಗ್ಮೆಂಟಿನ ಒಳಗೆ. ನಾನು ಯೋಚಿಸಲಿಲ್ಲ. ಪುಸ್ತಕ ತಿರುವಿ, 64 ಕೆಬಿಗಿಂತ ದೊಡ್ಡ ಜಾಗ ಕೇಳಬಹುದಾದ ‘ಫಾರ್‌ಮ್ಯಾಲಕ್’ ಎಂಬ ಫಂಕ್ಷನ್ ಕಂಡುಹಿಡಿದೆ. 1,28,000 ಬೈಟ್ ಕೇಳಿದೆ, ಸಿಕ್ಕಿತು. ಪ್ರೋಗ್ರಾಮ್ ಲಾರ್ಜ್ ಮಾಡೆಲ್‌ನಲ್ಲಿತ್ತು, ಹಾಗಾಗಿ ಪಾಯಿಂಟರ್ ತಾನಾಗೇ ಫಾರ್. ಹತ್ತು ದಾಖಲೆ ಹಾಕಿ ಟೆಸ್ಟ್ ಮಾಡಿದೆ. ಎಲ್ಲ ಸರಿ. ಫ್ಲಾಪಿಯಲ್ಲಿ ಹಾಕಿ ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸಿದೆ.

ನಿಮ್ಮಲ್ಲಿ ಲೆಕ್ಕ ಚುರುಕಿರುವವರಿಗೆ ಆಗಲೇ ಗೊತ್ತಾಗಿರಬೇಕು. 65,536ನ್ನು 64ರಿಂದ ಭಾಗಿಸಿದರೆ ಸರಿಯಾಗಿ 1024. ಅಂದರೆ 1025ನೇ ಸದಸ್ಯರ ದಾಖಲೆಯ ಆಫ್‌ಸೆಟ್ ಒಂದು ಸುತ್ತು ಹೊಡೆದು, ಒಂದು ಬೈಟ್ ಆಚೀಚೆ ಆಗದೆ, ಮೊದಲನೇ ಸದಸ್ಯರ ದಾಖಲೆಯ ಮೇಲೇ ಬಂದು ಕೂರುತ್ತದೆ. ಸ್ವಲ್ಪ ಆಚೀಚೆ ಆಗಿದ್ದರೆ ಅಂಕಿಗಳು ಕಲಸಿ ಕಸ ಕಾಣುತ್ತಿತ್ತು, ಪ್ರೋಗ್ರಾಮ್ ಕೆಟ್ಟಿದೆ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ಇದು ಅಚ್ಚುಕಟ್ಟಾಗಿ ತಪ್ಪಿತ್ತು.

ಕೆಲವು ತಿಂಗಳು ಏನೂ ಆಗಲಿಲ್ಲ. 1025ನೆಯವರು ನೂರು ರೂಪಾಯಿ ಷೇರು ಕಟ್ಟಿ ಸದಸ್ಯರಾದ ದಿನ, ಖಾತೆ ನಂಬರ್ 1ರ ಠೇವಣಿ ಮಾಯವಾಯಿತು. ಖಾತೆ ನಂಬರ್ 1 ಅಂದರೆ ಸಂಘ ಕಟ್ಟಿದ ಹಿರಿಯರು. ಎಂಬತ್ತರ ಹತ್ತಿರದ ವಯಸ್ಸು. ಪಾಸ್‌ಬುಕ್ ಹಿಡಿದು ಬಂದರೆ ಕಂಪ್ಯೂಟರ್ ಅವರ ಹೆಸರಿನ ಮುಂದೆ ಷೇರು 100, ಠೇವಣಿ ಸೊನ್ನೆ ಅಂತ ತೋರಿಸುತ್ತಿದೆ.

ಅಲ್ಲಿನ ಗುಮಾಸ್ತರು ಕಂಪ್ಯೂಟರ್ ಬಂದ ಮೇಲೂ ಕೈಬರಹದ ಲೆಡ್ಜರ್ ಬಿಟ್ಟಿರಲಿಲ್ಲ. ಅದನ್ನು ತಂದು ತೋರಿಸಿದರು. ಲೆಡ್ಜರ್‌ನಲ್ಲಿ ಠೇವಣಿ ಇದ್ದ ಹಾಗೇ ಇತ್ತು. ಆದರೆ ಆಡಳಿತ ಮಂಡಳಿಯಲ್ಲಿ ಒಬ್ಬರು ಕೇಳಿದರಂತೆ: "ಕಂಪ್ಯೂಟರ್ ತಪ್ಪು ಮಾಡ್ತದಾ? ಲೆಡ್ಜರ್ ಆದ್ರೆ ತಿದ್ದಬಹುದು. ಕಂಪ್ಯೂಟರಿಗೆ ಅಂಕಿ ಹಾಕೋರು ಯಾರು, ನೀವೇ ಅಲ್ವಾ?" ಇಪ್ಪತ್ತು ವರ್ಷ ಸರ್ವಿಸ್ ಮಾಡಿದ ಮನುಷ್ಯನನ್ನು ವಿಚಾರಣೆ ಮುಗಿಯುವವರೆಗೆ ರಜೆಯ ಮೇಲೆ ಕಳಿಸಿದರು.

ಒಂಬತ್ತು ದಿನ. ನಾನು ಅಲ್ಲಿಗೆ ಹೋಗಿ, ಯಂತ್ರದ ಮುಂದೆ ಕೂತು, ಕಾರಣ ಹುಡುಕುವುದಕ್ಕೆ ಆದ ಸಮಯ. ಮೊದಲ ದಿನ ನಾನೂ ಗುಮಾಸ್ತರನ್ನೇ ಅನುಮಾನಿಸಿದೆ ಅಂತ ಒಪ್ಪಿಕೊಳ್ಳುತ್ತೇನೆ. ಖಾತೆ 1ಕ್ಕೆ ಸರಿಯಾದ ಅಂಕಿ ಹಾಕಿದರೆ 1025ನೆಯವರ ಖಾತೆಯಲ್ಲಿ ಅದೇ ಠೇವಣಿ ಕಾಣಿಸಿತು. ಆಗ ಕೈ ತಣ್ಣಗಾಯಿತು. ಕಾಗದದ ಮೇಲೆ 1024ನ್ನು 64ರಿಂದ ಗುಣಿಸಿದೆ. ಪಾಯಿಂಟರ್‌ನ ಹಿಂದೆ ‘ಹ್ಯೂಜ್’ ಎಂಬ ಒಂದು ಪದ ಸೇರಿಸಿದೆ. ಮುಗಿಯಿತು.

ಮಂಡಳಿಯ ಮುಂದೆ ತಪ್ಪು ನನ್ನದು ಅಂತ ಹೇಳಿದೆ. ಸೆಗ್ಮೆಂಟ್, ಆಫ್‌ಸೆಟ್ ಅಂತ ವಿವರಿಸಲು ಹೋದರೆ ಯಾರಿಗೂ ಬೇಕಿರಲಿಲ್ಲ. ಹಿರಿಯರು ಮಾತ್ರ, "ತಮ್ಮಾ, ಅಷ್ಟು ಬುದ್ಧಿವಂತ ಯಂತ್ರಕ್ಕೆ ಜಾಗ ಇಲ್ಲ ಅಂತ ಬಾಯಿಬಿಟ್ಟು ಹೇಳಕ್ಕೆ ಬರಲ್ವಾ?" ಅಂದರು. ಸೆಗ್ಮೆಂಟೇಶನ್ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಇದಕ್ಕಿಂತ ಚೆನ್ನಾಗಿರುವುದು ಇನ್ನೊಂದಿಲ್ಲ.

ಗಮನಿಸಿ, ಯಂತ್ರ ಹೇಳಲಿಲ್ಲ, ಆದರೆ ಕಂಪೈಲರ್ ಹೇಳಿತ್ತು. ‘ಅರೇ ಸೈಜ್ ಟೂ ಲಾರ್ಜ್’ ಅಂತ ಗೇಟಿನಲ್ಲೇ ತಡೆದಿತ್ತು. ನಾನು ಕಾಂಪೌಂಡ್ ಹಾರಿ ಒಳಗೆ ಹೋದೆ. ಆದ್ದರಿಂದ ಈ ತೀರ್ಪಿನಲ್ಲಿ ನನಗೂ ಪಾಲಿದೆ.

ಹಳೆಯ ಕಾಲದ ಪ್ರೋಗ್ರಾಮಿಂಗ್ ಬಗ್ಗೆ ನಮ್ಮಲ್ಲಿ ಎರಡೇ ಧಾಟಿಯ ಮಾತಿದೆ. ಒಂದು ತಿರಸ್ಕಾರ: ಸೆಗ್ಮೆಂಟ್ ಅನ್ನುವುದು ಮೂರ್ಖರ ವಿನ್ಯಾಸ. ಇನ್ನೊಂದು ಹಂಬಲ: ಆಗಿನವರು 64 ಕೆಬಿಯಲ್ಲಿ ಸಾಮ್ರಾಜ್ಯ ಕಟ್ಟಿದರು, ಈಗಿನ ಹುಡುಗರಿಗೆ 8 ಜಿಬಿಯೂ ಸಾಲದು. ಎರಡೂ ಅರ್ಧ ಸತ್ಯ. ತಾತ್ಕಾಲಿಕಕ್ಕೆ ಅಂತ, ಕೈಗೆ ಸಿಕ್ಕಿದ 40 ಕಾಲುಗಳಲ್ಲಿ, ಹಳೆಯ ಗಿರಾಕಿಗಳನ್ನು ಕೈಬಿಡದೆ ಮಾಡಿದ 8086 ತನ್ನ ಹೊತ್ತಿಗೆ ಜಾಣ ಕೆಲಸವೇ. ತಾತ್ಕಾಲಿಕ ಶಾಶ್ವತವಾಗಿದ್ದು ಕೆಡುಕು. 1984ರ ಐಬಿಎಂ ಎಟಿಯ ಕತೆ ಕೇಳಿ. 8086ರಲ್ಲಿ 1 ಎಂಬಿ ದಾಟಿದ ವಿಳಾಸ ಸುತ್ತಿ ಸೊನ್ನೆಗೆ ಬರುತ್ತಿತ್ತು. ಎಟಿಯಲ್ಲಿದ್ದ 286 ಚಿಪ್ಪಿಗೆ ಇನ್ನೂ ಮೇಲೆ ಹೋಗಲು ತಂತಿ ಇತ್ತು. ಆದರೆ ಆ ಸುತ್ತುವಿಕೆಯನ್ನೇ ನಂಬಿದ್ದ ಪ್ರೋಗ್ರಾಮ್‌ಗಳಿದ್ದವು. ಅವಕ್ಕಾಗಿ 21ನೇ ತಂತಿಗೆ ಒಂದು ಗೇಟ್ ಹಾಕಿ, ಅದರ ಬೀಗದ ಕೈಯನ್ನು ಕೀಬೋರ್ಡ್ ನೋಡಿಕೊಳ್ಳುವ ಚಿಪ್ಪಿಗೆ ಕೊಟ್ಟರು. ಮೆಮೊರಿಗೆ ಬೀಗ, ಕೀ ಕೀಬೋರ್ಡ್ ಹತ್ತಿರ! 1991ರ ಡಾಸ್ 5 ಆ ಗೇಟಿನಾಚೆಯ 65,520 ಬೈಟ್‌ಗಳಲ್ಲಿ ತನ್ನ ಸಂಸಾರದ ಒಂದಿಷ್ಟು ಸಾಮಾನು ಇಟ್ಟುಕೊಂಡಿತು. 1985ರಲ್ಲೇ 386 ಚಿಪ್ಪು 4 ಜಿಬಿಯ ಬಯಲು ತೆರೆದಿತ್ತು. ಸಂಘದ ಆಫೀಸಿನಲ್ಲಿದ್ದದ್ದೂ 386 ಯಂತ್ರವೇ. ಆದರೂ 1996ರಲ್ಲಿ ನನ್ನ ಪ್ರೋಗ್ರಾಮ್ 1978ರ ರಸ್ತೆಯಲ್ಲೇ ಗುರುತು ಎಣಿಸುತ್ತಿತ್ತು.

ಹಂಬಲದವರಿಗೂ ಒಂದು ಮಾತು. ಅಭಾವ ಶಿಸ್ತು ಕಲಿಸುತ್ತದೆ, ನಿಜ. ಆದರೆ ಯಾವ ಅಭಾವ? ಓವರ್‌ಲೇ ಕಲಿಸಿದ ಶಿಸ್ತು ಪ್ರೋಗ್ರಾಮ್‌ನ ಅರ್ಥದ ಬಗ್ಗೆ ಇತ್ತು. ತಪ್ಪಿದರೆ ಸದ್ದು ಮಾಡುತ್ತಿತ್ತು. ಫಾರ್ ಪಾಯಿಂಟರ್ ಕೇಳಿದ ಶಿಸ್ತು ಯಂತ್ರದ ವಕ್ರತೆಯ ಬಗ್ಗೆ. ತಪ್ಪಿದರೆ ಮೌನವಾಗಿ ಬೇರೆಯವರ ಲೆಕ್ಕ ಕೆಡಿಸುತ್ತಿತ್ತು. ಮೊದಲನೆಯದನ್ನು ಮೆಚ್ಚೋಣ. ಎರಡನೆಯದಕ್ಕೆ ಹಾಡು ಕಟ್ಟುವುದು ಬೇಡ.

ಹಾಗಂತ ನಿಯರ್, ಫಾರ್ ಪದಗಳಲ್ಲಿ ಒಂದು ಪ್ರಾಮಾಣಿಕತೆಯೂ ಇತ್ತು. ಈ ವಸ್ತು ಹತ್ತಿರ, ಆ ವಸ್ತು ದೂರ, ದೂರದ್ದಕ್ಕೆ ಖರ್ಚು ಜಾಸ್ತಿ ಅಂತ ಕೋಡ್ ಓದಿದರೆ ಕಾಣುತ್ತಿತ್ತು. ಇವತ್ತು ನೀವು ಬರೆಯುವ ಒಂದು ಸಾಲಿನ ಫಂಕ್ಷನ್ ಕಾಲ್ ಇದೇ ಪ್ರಾಸೆಸ್‌ನಲ್ಲಿ ಮುಗಿಯಬಹುದು, ಅಥವಾ ಸಿಂಗಪುರದ ಸರ್ವರಿಗೆ ಹೋಗಿ ಬರಬಹುದು. ನೋಡಲು ಎರಡೂ ಒಂದೇ. ಮಧ್ಯರಾತ್ರಿ ಫೋನ್ ಬಂದಾಗಷ್ಟೇ ಯಾವುದು ದೂರದ್ದು ಅಂತ ಗೊತ್ತಾಗುತ್ತದೆ. ದೂರವನ್ನು ಮುಚ್ಚಿಡುವ ಅನುಕೂಲಕ್ಕೂ ಬೆಲೆ ಇದೆ ಅಂತ ನನಗೆ ಕಲಿಸಿದ್ದು ಆ ಎರಡು ಹಳೆಯ ಪದಗಳು.

ಕಡೆಯದಾಗಿ ನಮ್ಮ ಕಾಲೇಜುಗಳಿಗೆ. ಟರ್ಬೊ ಸಿಯನ್ನು ಇನ್ನೂ ಇಟ್ಟುಕೊಳ್ಳುವುದಾದರೆ ಅದರ 64 ಕೆಬಿ ಗೋಡೆಯ ಕಾರಣವನ್ನೂ ಹೇಳಿಕೊಡಿ. ಅರ್ಧ ಗಂಟೆ ಸಾಕು, ಒಂದು ರಸ್ತೆಯ ಚಿತ್ರ ಸಾಕು. ಕಾರಣ ಹೇಳಲು ಪುರುಸೊತ್ತಿಲ್ಲವೇ? ಹಾಗಾದರೆ ಜಿಸಿಸಿ ಬಿಟ್ಟಿಯಾಗಿ ಸಿಗುತ್ತದೆ, ಅದನ್ನು ಹಾಕಿ. ಗೋಡೆ ಉಳಿಸಿಕೊಂಡು ಕಾರಣ ಬಿಟ್ಟುಬಿಡುವುದು ಎರಡೂ ಕಡೆಯಿಂದ ನಷ್ಟ. "10,000 ಹಾಕ್ಕೋ" ಅನ್ನುವ ಪಾಠ ಕಲಿತವನೇ ಮುಂದೊಂದು ದಿನ ಗೇಟು ಕಂಡಾಗ ಕಾಂಪೌಂಡ್ ಹಾರುತ್ತಾನೆ. ನಾನು ಹಾರಿದ್ದು ಹಾಗೇ.

ಹುಡುಗನಿಗೆ ರಸ್ತೆ, ಗುಡಿ, ಬೂತು ಎಲ್ಲ ಬಿಡಿಸಿ ತೋರಿಸಿದೆ. ಹತ್ತೇ ನಿಮಿಷಕ್ಕೆ ಹಿಡಿದ. ಆಮೇಲೆ 64 ಬೈಟ್‌ನ ದಾಖಲೆ, 2000 ಜಾಗ, ಫಾರ್ ಪಾಯಿಂಟರ್ ಇಟ್ಟು ಪ್ರೋಗ್ರಾಮ್ ಬರೆಸಿದೆ. 1025ನೆಯದರಲ್ಲಿ 100 ಅಂತ ಬರೆದು, ಮೊದಲನೆಯದನ್ನು ಪ್ರಿಂಟ್ ಮಾಡು ಅಂದೆ.

ನೀಲಿ ಪರದೆ ಹೋಗಿ ಕಪ್ಪು ಪರದೆಯಲ್ಲಿ 100 ಬಂತು.

"ಎರರೇ ಬರ್ಲಿಲ್ವಲ್ಲ ಮಾವ" ಅಂದ.

"ಬರಲ್ಲ ಕಣೋ" ಅಂದೆ.